ಮೂವತ್ಮೂರು ಒಂದುಗಳ ಜಂಬ

"ಈ ಸಂಖ್ಯೆಯನ್ನು ಮುರಿಯುವ ಗಂಡಸು ನಿಮ್ಮ ಸೀಮೆಯಲ್ಲಿದ್ದರೆ ಎದ್ದು ಬರಲಿ!"

ಮಲ್ಲಿದೇವರಾಯನ ಸಭೆಯಲ್ಲಿ ಹೀಗೆ ಗುಡುಗಿದವರು ಬೇರೆ ಸೀಮೆಯಿಂದ ಬಂದ ತ್ರಿಲೋಚನ ಪಂಡಿತರು. ಅವರ ಶಿಷ್ಯರಿಬ್ಬರು ಉದ್ದನೆಯ ಕಡತ ಬಿಚ್ಚಿ ಹಿಡಿದರು. ಮಸಿ ಬಳಿದ ಆ ಬಟ್ಟೆಯ ಮೇಲೆ ಬಳಪದಲ್ಲಿ ಬರೆದದ್ದು ಒಂದೇ ಅಂಕಿ. ೧, ೧, ೧ ಅಂತ ಸಾಲಾಗಿ ಮೂವತ್ಮೂರು ಒಂದು!

"ಮೂವತ್ಮೂರು ಕೋಟಿ ದೇವತೆಗಳಿಗೆ ಮೂವತ್ಮೂರು ಅಂಕಿ. ಮಧ್ಯಾಹ್ನದೊಳಗೆ ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಹೇಳಿ; ಒಂದು ಮತ್ತು ಇದೇ ಸಂಖ್ಯೆ ಲೆಕ್ಕಕ್ಕಿಲ್ಲ. ಆಗದಿದ್ದರೆ ನಿಮ್ಮ ಆಸ್ಥಾನ ಗಣಿತಜ್ಞನ ಪೀಠ ನನ್ನದು!"

ಮಾತಿನ ಭರದಲ್ಲಿ ರಾಜ ಹೂಂ ಅಂದುಬಿಟ್ಟ. ಆ ಪೀಠದಲ್ಲಿದ್ದವರು ಮುದುಕ ಪದುಮಯ್ಯನವರು. ನಲವತ್ತು ವರ್ಷ ಕೂತ ಜಾಗ ಅದು. ವಿದೂಷಕ ಬೊಪ್ಪಣ್ಣ ಎದ್ದು ನಿಂತ. ಅವನಿಗೆ ಮಗ್ಗಿ ಕಲಿಸಿದ ಗುರು ಅವರೇ.

ಅವನು ಕಡತದ ಹತ್ತಿರ ಹೋಗಿ ಮೂಸಿದ. "ಸ್ವಾಮಿ, ಇವು ನನಗೆ ಕೋಡುಬಳೆ ಥರ ಕಾಣ್ತಾವೆ. ಎಲೆಗೆ ಮೂರರಂತೆ ಬಡಿಸಿದರೆ ಹನ್ನೊಂದು ಎಲೆ, ಒಂದೂ ಮಿಗೋದಿಲ್ಲ. ಪ್ರತಿ ಎಲೆಯಲ್ಲೂ ನೂರಾಹನ್ನೊಂದು. ಗುರುಗಳೇ, ನೂರಾಹನ್ನೊಂದರಿಂದ ಭಾಗಿಸಿ. ಶೇಷ ಬಂದರೆ ನನ್ನ ಮೀಸೆ ಬೋಳಿಸಿ!"

ಪದುಮಯ್ಯನವರು ಭಾಗಿಸಿದರು. ಶೇಷ ಸೊನ್ನೆ.

"ತಡಿ! ಶಿಷ್ಯ ಒಂದು ಅಂಕಿ ಬಿಟ್ಟಿದ್ದಾನೆ," ಎಂದು ಪಂಡಿತರು ಕೊನೆಗೆ ಇನ್ನೊಂದು ಒಂದು ಗೀಚಿದರು. ಈಗ ಮೂವತ್ನಾಲ್ಕು. ರಾಜನಿಗೂ ಮಜಾ ಹತ್ತಿತ್ತು, "ಬರೆದುಕೊಳ್ಳಲಿ ಬಿಡು" ಅಂದ.

"ಎಲೆಗೆ ಎರಡರಂತೆ ಬಡಿಸಿ. ಹನ್ನೊಂದರಿಂದ ಭಾಗಿಸಿ," ಅಂದ ಬೊಪ್ಪಣ್ಣ.

ಸೊನ್ನೆ! ಪಂಡಿತರು ಹಲ್ಲು ಕಡಿದು ಮತ್ತೊಂದು ಒಂದು ಬರೆದರು.

"ಮೂವತ್ತೈದಾ? ಎಲೆಗೆ ಐದು! ಏಳೇ ಎಲೆ, ಉಂಡವರಿಗೆ ಹೊಟ್ಟೆ ತುಂಬಾ. ಹನ್ನೊಂದು ಸಾವಿರದ ನೂರಾಹನ್ನೊಂದರಿಂದ ಭಾಗಿಸಿ."

ಸೊನ್ನೆ! ಮೂವತ್ತಾರನೆಯದೂ ಬಂತು.

"ಮತ್ತೆ ಮೂರರಂತೇ ಬಡಿಸಿ, ಹನ್ನೆರಡು ಎಲೆ."

ಸಭೆ ಬಿದ್ದು ಬಿದ್ದು ನಕ್ಕಿತು. ಪಂಡಿತರು ಬೆವರೊರೆಸಿಕೊಂಡು ಮತ್ತೆ ಬಳಪ ಎತ್ತಿದರು. ಬೊಪ್ಪಣ್ಣ ಮನಸ್ಸಿನಲ್ಲೇ ಎಣಿಸಿದ. ಅಯ್ಯಯ್ಯೋ, ಮೂವತ್ತೇಳು! ಎಷ್ಟೆಷ್ಟು ಬಡಿಸಿದರೂ ಪಂಕ್ತಿ ಸರಿಹೋಗದ ಮೊಂಡು ಲೆಕ್ಕ ಅದು. ಅವನು ಒಂದೇ ನೆಗೆತಕ್ಕೆ ಹೋಗಿ ಪಂಡಿತರ ಕೈ ಹಿಡಿದುಕೊಂಡ.

"ಸಾಕು ಮಾಡಿ ಸ್ವಾಮಿ, ಪಾಪ ಎಷ್ಟು ಅಂತ ಕೈ ನೋಯಿಸಿಕೊಳ್ತೀರಿ? ಯಾರಿಂದಲೂ ಮುರಿಯೋಕಾಗದ ಸಂಖ್ಯೆ ನಾನೇ ಮಾಡಿಕೊಡ್ತೀನಿ."

ಶಲ್ಯದಿಂದ ಕಡತವನ್ನು ಸರಸರ ಒರೆಸಿದ. ಉಳಿದದ್ದು ಒಂದೇ ಒಂದು ೧.

"ಇದನ್ನು ಮುರಿಯೋಕೆ ಬ್ರಹ್ಮನಿಂದಲೂ ಆಗೋದಿಲ್ಲ. ಗೆದ್ದಿರಿ!"

ಪಂಡಿತರ ಮುಖ ಅರಳಿತು. "ಹಾಗಾದರೆ ಪೀಠ ಬಿಡಿಸು!"

"ಒಂದಕ್ಕೆ ಅಷ್ಟು ದೊಡ್ಡ ಪೀಠ ಯಾಕೆ ಸ್ವಾಮಿ?" ಬೊಪ್ಪಣ್ಣ ಕೈಮುಗಿದ. "ಹಿಂದಿನ ಜಗಲಿಯಲ್ಲಿ ಮಕ್ಕಳು ಮರಳ ಮೇಲೆ ಅಂಕಿ ತಿದ್ದುತ್ತಾ ಕೂತಿದ್ದಾರೆ. ಅವರ ಪಕ್ಕ ಒಂದು ಮಣೆ ಹಾಕಿಸ್ತೀನಿ. ಎರಡು ಕಲಿತ ಮೇಲೆ ಬನ್ನಿ, ಪೀಠದ ಮಾತಾಡೋಣ!"