ಬೇರೆ ಕಂಪನಿಯ ಕಾವಲು

ಹೊಳೆದಂಡೆಯ ಮಠಕ್ಕೊಂದು ಆಸ್ಪತ್ರೆ. ಅಲ್ಲಿನ ವೈಫೈ ನೋಡಿಕೊಳ್ಳುವ ಕೆಲಸ ಶಿಷ್ಯ ಮರುಳಯ್ಯನದು. ಕೆಲಸಕ್ಕಿಂತ ಅವನ ಹೆದರಿಕೆಯೇ ದೊಡ್ಡದು.

ಹೆದರಲು ಕಾರಣವೂ ಇತ್ತೆನ್ನಿ. ಮಠದ ಹೆಸರನ್ನೇ ಇಟ್ಟುಕೊಂಡ ಕಳ್ಳ ವೈಫೈ ಒಂದು ಹಿಂದಿನ ವಾರ ನರ್ಸುಗಳ ಪಾಸ್‌ವರ್ಡ್ ಕದ್ದಿತ್ತು. ಅಂದಿನಿಂದ ಅವನಿಗೆ ಊಟ ಸೇರದು, ಯಾರು ಕರೆದರೂ ಬೆಚ್ಚಿ ಬೀಳುತ್ತಿದ್ದ.

ಮಠದ ವೈಫೈ ಪೆಟ್ಟಿಗೆಗಳು ಒಂದು ಕಂಪನಿಯವು. ಅವನ್ನು ಕಾಯಲು ಅವನು, ಗುರುತಿಲ್ಲದ ವೈಫೈ ಕಂಡರೆ ಹಿಡಿದು ತೋರಿಸುವ ಇನ್ನೊಂದು ಕಂಪನಿಯ ಕಾವಲು ಯಂತ್ರ ತಂದು ಕೂರಿಸಿದ.

ಮರುದಿನ ಬೆಳಿಗ್ಗೆ ಯಂತ್ರದ ಪರದೆಯ ಮೇಲೆ ಕೆಂಪು ಅಕ್ಷರ: ‘ಹನ್ನೆರಡು ಅಪರಿಚಿತರು.’

ಮರುಳಯ್ಯ ಹಿಂದೆಮುಂದೆ ನೋಡಲಿಲ್ಲ. ‘ಎಲ್ಲರನ್ನೂ ಹೊರಹಾಕು’ ಎಂಬ ಗುಂಡಿಯನ್ನು ಒತ್ತಿಯೇ ಬಿಟ್ಟ.

ವಾರ್ಡಿನಿಂದ ನರ್ಸ್ ದಾಕ್ಷಾಯಣಿ ಓಡಿ ಬಂದಳು.

“ಏನ್ ಮಾಡಿದ್ರಿ ಅಣ್ಣಾ? ಹಾಲಮ್ಮಜ್ಜಿ ಎದೆಬಡಿತ ನಮ್ ಸ್ಕ್ರೀನಿಗೇ ಬರ್ತಿಲ್ಲ!”

ಹೊರಬಿದ್ದಿದ್ದವು ಮಠದ ಪೆಟ್ಟಿಗೆಗಳೇ. ಅವನು ಒತ್ತಿದ್ದನ್ನು ರದ್ದು ಮಾಡಿ, ಅಜ್ಜಿಯ ಹಾಸಿಗೆಯವರೆಗೆ ಓಡಿದ. ಅಜ್ಜಿ ಉಸಿರಾಡುತ್ತಿದ್ದಳು. ಇವನದೇ ನಿಂತಂತಾಗಿತ್ತು.

ಗುರುಗಳು ದಾಸೋಹದ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಮರುಳಯ್ಯ ಹೋಗಿ ನಡೆದದ್ದೆಲ್ಲ ಹೇಳಿದ.

“ಬುದ್ಧೀ, ಆ ಕಾವಲು ಬೇಡ. ಕಿತ್ತು ಹಾಕ್ತೀನಿ.”

“ಕಿತ್ತರೆ?”

“ಕಳ್ಳ ಬರ್ತಾನೆ.”

“ಇಟ್ಟರೆ?”

“ನಮ್ಮವರನ್ನೇ ಹೊಡೀತದೆ. ಏನು ಮಾಡ್ಲಿ ಅಂತ ದಿಕ್ಕೇ ತೋಚ್ತಿಲ್ಲ, ಬುದ್ಧೀ.”

“ಹಿತ್ತಲ ಬಾಗಿಲಿಂದ ಹೊರಗೆ ಹೋಗು. ಹೆಬ್ಬಾಗಿಲಿಂದ ಒಳಗೆ ಬಾ.”

ಗುರುವಿನ ಮಾತು, ಮೀರುವಂತಿಲ್ಲ. ಹೋದ.

ಹೆಬ್ಬಾಗಿಲಲ್ಲಿ ಹೊಸ ಕಾವಲುಗಾರ ದುರ್ಗಪ್ಪ ಕೋಲು ಅಡ್ಡ ಹಿಡಿದ.

“ಯಾರು ತಾವು?”

“ಒಂಬತ್ತು ವರ್ಷದಿಂದ ಇಲ್ಲೇ ಇದ್ದೀನಯ್ಯಾ! ನನ್ನನ್ನೇ ತಡೀತೀಯಾ?”

“ಇರಬೋದು ಸ್ವಾಮಿ. ನಾನು ಬೇರೆ ಊರೋನು, ಬಂದು ನಾಕು ದಿನ ಆಯ್ತು. ಇವರು ನಮ್ಮೋರು ಅಂತ ಯಾರೂ ತೋರಿಸ್ಲಿಲ್ಲ.”

ಮರುಳಯ್ಯನಿಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಗುರುಗಳು ನಿಧಾನವಾಗಿ ನಡೆದು ಬಂದರು.

“ದುರ್ಗಪ್ಪ, ಇವನು ಮರುಳಯ್ಯ. ನಮ್ಮವನು. ಮುಖ ಸರಿಯಾಗಿ ನೋಡ್ಕೊಳ್ಳಪ್ಪ.”

ಕೋಲು ಕೆಳಗಿಳಿಯಿತು. ಮರುಳಯ್ಯನ ಸಿಟ್ಟೂ ಇಳಿಯಿತು, ನಾಚಿಕೆಯಾಯಿತು.

ಅವನು ಏಣಿ ಹುಡುಕಿಕೊಂಡು ಹೋದ. ಗೋಡೆಯಿಂದ ಗೋಡೆಗೆ ಏಣಿ ಹೊತ್ತು, ಒಂದೊಂದು ಪೆಟ್ಟಿಗೆಯ ನಂಬರನ್ನೂ ಕಣ್ಣಾರೆ ಓದಿ ಬರೆದುಕೊಂಡ. ಆಮೇಲೆ ಕಾವಲು ಯಂತ್ರದ ಮುಂದೆ ಕೂತು, ಇದು ನಮ್ಮದು, ಇದೂ ನಮ್ಮದು ಎಂದು ಒಂದೊಂದನ್ನೇ ಅದಕ್ಕೆ ಪರಿಚಯಿಸಿದ. ಮುಗಿಯುವ ಹೊತ್ತಿಗೆ ಸಂಜೆಯಾಯಿತು. ಹನ್ನೊಂದು ಹಸಿರಾದವು.

ಒಂದು ಕೆಂಪಾಗಿಯೇ ಉಳಿಯಿತು.

ಗುರುಗಳನ್ನು ಯಂತ್ರದ ಕೋಣೆಗೆ ಕರೆತಂದ.

“ಬುದ್ಧೀ, ಇದು ನಮ್ಮದಲ್ಲ. ಆ ಕಳ್ಳನದೇ ಇರಬಹುದು. ಪಕ್ಕದ ಹೆರಿಗೆ ಆಸ್ಪತ್ರೆಯದೂ ಇರಬಹುದು. ಹೊರಹಾಕಲಾ?”

ಗುಂಡಿಯ ಮೇಲಿಟ್ಟ ಅವನ ಬೆರಳು ನಡುಗುತ್ತಿತ್ತು. ಗುರುಗಳು ಪರದೆ ನೋಡಲಿಲ್ಲ, ಆ ಬೆರಳನ್ನು ನೋಡಿದರು.

“ಯಾಕೆ ನಡುಗ್ತಿದ್ದೀಯ?”

“ಯಾರದೋ ಗೊತ್ತಿಲ್ಲವಲ್ಲ, ಬುದ್ಧೀ.”

“ಬೆಳಿಗ್ಗೆ ಹನ್ನೆರಡೂ ಗೊತ್ತಿರಲಿಲ್ಲ. ಆಗ ಒತ್ತುವಾಗ ಯಾಕಪ್ಪ ನಡುಗಲಿಲ್ಲ?”