ಎಡಗೈಗೆ ಎಟುಕುವ ನಲ್ಲಿ

"ಗುರುಗಳೇ, ಒಬ್ಬರ ಸೇವೆ ಮಾಡುತ್ತಿರುವವನಿಗೆ, ಆ ಸೇವೆ ನಿಜವಾಗಿ ಯಾರಿಗಾಗಿ ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಪೌಂಡರ್ ಇದ್ದ. ಹಾಲಪ್ಪ ಎಂದು ಹೆಸರು. ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ಗಾಯ ತೊಳೆದು, ಪಟ್ಟಿ ಕಟ್ಟಿ, ಸೂಜಿ ಚುಚ್ಚಿ ನಿವೃತ್ತನಾಗಿದ್ದ. ಅವನ ಕೈ ಹಗುರ ಎಂದು ಊರೆಲ್ಲ ಹೇಳುತ್ತಿತ್ತು. ಅದು ಸುಳ್ಳೂ ಅಲ್ಲ.

ನಿವೃತ್ತನಾದ ನಾಲ್ಕನೆಯ ವರ್ಷ ಅವನ ಹೆಂಡತಿ ಕೊಟ್ರಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಲಗಾಲು ಅರ್ಧ ಉಳಿಯಿತು. ಆರು ತಿಂಗಳಿಗೆ ಮಾತು ಮರಳಿತು. ವರ್ಷ ತುಂಬುವ ಹೊತ್ತಿಗೆ ಕೋಲು ಹಿಡಿದು ಮನೆಯೊಳಗೆ ಓಡಾಡುವಂತಾದಳು. ಇಷ್ಟಕ್ಕೆಲ್ಲ ಹಾಲಪ್ಪನ ಆರೈಕೆಯೇ ಕಾರಣ ಎಂದು ಡಾಕ್ಟರೇ ಹೇಳಿದರು.

ಅವನು ಅವಳಿಗೆ ತಲೆ ಬಾಚುತ್ತಿದ್ದ. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಉಣ್ಣಿಸುತ್ತಿದ್ದ. ದಿನಾ ಬೆಳಿಗ್ಗೆ ಬಚ್ಚಲಿನಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ ಸ್ನಾನ ಮಾಡಿಸುತ್ತಿದ್ದ. ಗೀಸರಿನ ಬಿಸಿನೀರು ಒಂದು ನಲ್ಲಿಯಲ್ಲಿ, ತಣ್ಣೀರು ಇನ್ನೊಂದು ನಲ್ಲಿಯಲ್ಲಿ ಬರುತ್ತಿತ್ತು. ಎರಡನ್ನೂ ಬಕೆಟ್ಟಿಗೆ ಬಿಟ್ಟು, ಮೊಣಕೈ ಅದ್ದಿ ಹದ ನೋಡಿ, ಚೊಂಬಿನಿಂದ ಹೊಯ್ಯುತ್ತಿದ್ದ. ನಡುವೆ ಯಾರಾದರೂ ಹೊರಗಿನಿಂದ ಕೂಗಿದರೆ, "ಬಂದೆ, ಹೀಗೇ ಕೂತಿರು" ಎಂದು ಬಾಗಿಲು ತೆರೆದಿಟ್ಟೇ ಹೋಗಿ ಮಾತಾಡಿ ಬರುತ್ತಿದ್ದ. ಕೊಟ್ರಮ್ಮ ಮುಖದ ಮೇಲೆ ಸೋಪು ಇಟ್ಟುಕೊಂಡು ಹಾಗೇ ಕೂತಿರುತ್ತಿದ್ದಳು.

ಮದುವೆಯಾಗಿ ನಲವತ್ತು ವರ್ಷ, ಅವಳು ಚಿಲಕ ಹಾಕದೆ ಸ್ನಾನ ಮಾಡಿದವಳಲ್ಲ. ಈಗ ಆ ಬಚ್ಚಲಿಗೆ ಚಿಲಕ ಇದೆಯೆಂಬುದೇ ಹಾಲಪ್ಪನಿಗೆ ಮರೆತುಹೋಗಿತ್ತು.

ಊರಿನವರು ಅವನನ್ನು ಕೊಂಡಾಡಿದರು. ಬೀಗರು ಬಂದಾಗ ತಮ್ಮ ಗಂಡುಮಕ್ಕಳಿಗೆ ಅವನನ್ನು ತೋರಿಸಿ, "ಗಂಡ ಅಂದರೆ ಹೀಗಿರಬೇಕು" ಎಂದರು. ಹಾಲಪ್ಪ, "ನನ್ನದೇನಿದೆ, ಎಲ್ಲ ದೇವರು ಮಾಡಿಸೋದು" ಎನ್ನುತ್ತಿದ್ದ. ಹಾಗೆ ಅಂದ ದಿನ ಅವನಿಗೆ ಊಟ ಹೆಚ್ಚು ರುಚಿಸುತ್ತಿತ್ತು.

ಒಮ್ಮೆ ಕೊಟ್ರಮ್ಮ ತಂಗಿಯ ಮನೆಯಲ್ಲಿ ಎಂಟು ದಿನ ಇದ್ದು ಬಂದಳು. ಬಂದವಳೇ ಗಂಡನಿಗೆ ಹೇಳಿದಳು:

"ನಮ್ಮ ಬಚ್ಚಲಿಗೂ ಒಂದು ಮಿಕ್ಸರ್ ನಲ್ಲಿ ಹಾಕಿಸ್ರಿ. ತಂಗಿ ಮನೇಲಿದೆ. ಒಂದೇ ಹಿಡಿ. ಮೇಲೆತ್ತಿದರೆ ನೀರು ಬರ್ತದೆ, ಎಡಕ್ಕೆ ತಳ್ಳಿದರೆ ಬಿಸಿ, ಬಲಕ್ಕೆ ತಣ್ಣಗೆ. ತಿರುವೋ ಕೆಲಸವೇ ಇಲ್ಲ."

ಲಕ್ವ ಹೊಡೆದ ಮೇಲೆ ಅವಳು ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಹಾಲಪ್ಪ ಖುಷಿಯಿಂದ ಒಪ್ಪಿದ. ಬಕೆಟ್ಟಿಗೆ ಬಗ್ಗಿ ಬಗ್ಗಿ ಅವನಿಗೂ ಸೊಂಟ ನೋಯುತ್ತಿತ್ತು. ತನ್ನ ಕಷ್ಟ ನೋಡಲಾರದೆ ಇವಳು ಹೀಗೆ ಕೇಳುತ್ತಿದ್ದಾಳೆ ಎಂದುಕೊಂಡ. ಮರುದಿನವೇ ಪೇಟೆಗೆ ಹೋಗಿ ಒಳ್ಳೆಯ ನಲ್ಲಿಯನ್ನೇ ಆರಿಸಿ ತಂದ. ಪ್ಲಂಬರ್ ದಾದಾಪೀರನಿಗೆ ಹೇಳಿಕಳಿಸಿದ.

ದಾದಾಪೀರ ಬಂದು ಗೋಡೆ ನೋಡಿದ. ಗೋಡೆ ಒಡೆದು ಬಿಸಿನೀರಿನ ಪೈಪನ್ನೂ ತಣ್ಣೀರಿನ ಪೈಪನ್ನೂ ಒಂದೇ ಮಟ್ಟಕ್ಕೆ, ಒಂದು ಗೇಣು ಅಂತರದಲ್ಲಿ ತರಬೇಕಿತ್ತು.

"ಎಷ್ಟು ಎತ್ತರಕ್ಕೆ ಕೂರಿಸಲಿ ಸಾಹೇಬ್ರೇ?" ಎಂದು ಕೇಳಿದ.

ಹಾಲಪ್ಪ ಗೋಡೆಯ ಪಕ್ಕ ನಿಂತು, ತನ್ನ ಎದೆಯ ಮಟ್ಟಕ್ಕೆ ಕೈಯಿಟ್ಟು ತೋರಿಸಿದ. "ಇಷ್ಟು. ನಾನು ಬಗ್ಗೋ ಹಾಗಿರಬಾರದು."

"ಅಕ್ಕ ಸ್ಟೂಲಿನ ಮೇಲೆ ಕೂತರೆ ಎಟುಕಲ್ಲ."

"ಅವಳು ಯಾಕೆ ಮುಟ್ಟಬೇಕು? ನಾನಿದ್ದೀನಲ್ಲ."

ದಾದಾಪೀರ ಅವನು ತೋರಿಸಿದ ಕಡೆ ಗುರುತು ಹಾಕಿದ. ಮೇಲೆ ಹೋಗಿ ಟ್ಯಾಂಕಿನ ವಾಲ್ವ್ ಮುಚ್ಚಿ ಬಂದ. ಟೈಲ್ಸ್ ಕತ್ತರಿಸಿ, ಉಳಿಯಲ್ಲಿ ಗೋಡೆ ಕೊರೆದು ಪೈಪು ಎಳೆದ. ಎರಡು ಬಾಯಿಯೂ ಸಮವಾಗಿವೆಯೇ ಎಂದು ರಸಮಟ್ಟ ಇಟ್ಟು ನೋಡಿದ. ತಿರುಪಿಗೆ ಬಿಳಿ ಟೇಪು ಸುತ್ತಿ ನಲ್ಲಿ ಕೂರಿಸಿದ. ನೀರು ಬಿಟ್ಟು, ಸುತ್ತಲೂ ಬೆರಳಾಡಿಸಿ, ಒಂದು ಹನಿಯೂ ಜಿನುಗುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಎದ್ದ. ಕೆಲಸದಲ್ಲಿ ಹೆಸರಿಡುವಂಥದ್ದು ಏನೂ ಇರಲಿಲ್ಲ.

ಹಾಲಪ್ಪ ಹೆಂಡತಿಯನ್ನು ಕರೆದು ತೋರಿಸಿದ. ಕೊಟ್ರಮ್ಮ ಕೋಲೂರಿಕೊಂಡು ಬಂದು ಸ್ಟೂಲಿನ ಮೇಲೆ ಕೂತಳು. ಎಡಗೈ ಎತ್ತಿದಳು. ಬೆರಳ ತುದಿಗೂ ನಲ್ಲಿಯ ಹಿಡಿಗೂ ನಡುವೆ ಒಂದು ಗೇಣು ಉಳಿಯಿತು. ಕೈ ಇಳಿಸಿ ತೊಡೆಯ ಮೇಲಿಟ್ಟುಕೊಂಡಳು.

"ಹೇಗಿದೆ?" ಎಂದ ಹಾಲಪ್ಪ.

"ಚೆನ್ನಾಗಿದೆ" ಎಂದಳು.

ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ಪಕ್ಕದ ಬೀದಿಯಲ್ಲಿ ಯಾರೋ ಬಿದ್ದು ಮಂಡಿ ಒಡೆದುಕೊಂಡರೆಂದು ಹಾಲಪ್ಪನನ್ನು ಕರೆದೊಯ್ದರು. ಪಟ್ಟಿ ಕಟ್ಟಿ, ಅವರು ಕೊಟ್ಟ ಚಹಾ ಕುಡಿದು, ಅರ್ಧ ಗಂಟೆಯ ಮೇಲೆ ಅವನು ಮನೆಗೆ ಬಂದ. ನಡುಮನೆಯಲ್ಲಿ ಕೊಟ್ರಮ್ಮ ಇರಲಿಲ್ಲ. ಬಚ್ಚಲಿನಲ್ಲಿ ನೀರು ಬೀಳುತ್ತಿತ್ತು. ಬಾಗಿಲು ತಳ್ಳಿದ. ಒಳಗಿನಿಂದ ಚಿಲಕ ಹಾಕಿತ್ತು.

"ಕೊಟ್ರಮ್ಮಾ! ಚಿಲಕ ಯಾಕೆ ಹಾಕಿದೆ? ತೆಗಿ!"

ಉತ್ತರ ಬರಲಿಲ್ಲ. ನೆಲದ ಮೇಲೆ ಮೈ ಎಳೆದುಕೊಂಡು ಬರುವ ಸದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು.

ನಡೆದದ್ದು ಇಷ್ಟು. ಅವಳು ಗೋಡೆ ಆನಿಸಿ ನಿಂತು ಹಿಡಿಯನ್ನು ಮೇಲೆತ್ತಿದ್ದಳು. ನೀರೂ ಹದವಾಗಿಯೇ ಬಂದಿತ್ತು. ಆಮೇಲೆ ಬಲಗಾಲು ಸೋತು ಕುಸಿದಳು. ಕುಸಿಯುವಾಗ ಅವಳ ಕೈ ತಾಗಿ ಹಿಡಿ ಎಡಕ್ಕೆ ಹೊರಳಿತು. ಸುಡುವ ನೀರು ತೊಡೆಯ ಮೇಲೆ ಬಿತ್ತು. ಮೂಲೆಗೆ ಸರಿದುಕೊಂಡಳೇ ಹೊರತು ನಲ್ಲಿ ನಿಲ್ಲಿಸಲು ಕೈ ಎಟುಕಲಿಲ್ಲ. ಗೀಸರಿನ ನೀರೆಲ್ಲ ಮುಗಿದು ತಣ್ಣೀರು ಬರತೊಡಗಿದಾಗ ಗಂಡ ಬಂದಿದ್ದ.

ಅಂಗೈಯಗಲ ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತ್ತು. ಹಾಲಪ್ಪ ಮುಲಾಮು ಹಚ್ಚಿದ. ಅವಳು ಸತ್ತೇ ಹೋಗಿದ್ದಾಳೆ ಎಂದು ಬಾಗಿಲ ಹೊರಗೆ ನಿಂತಾಗ ಅವನಿಗೆ ಅನ್ನಿಸಿತ್ತು. ಆ ಭಯ ಇಳಿದ ಜಾಗದಲ್ಲಿ ಸಿಟ್ಟು ಏರಿತು. ಸ್ಕ್ರೂಡ್ರೈವರ್ ತಂದು ಬಚ್ಚಲ ಬಾಗಿಲಿನ ಚಿಲಕವನ್ನೇ ಬಿಚ್ಚತೊಡಗಿದ.

"ಇನ್ನು ಇದು ಇರಲೇಬಾರದು" ಎಂದ. "ನಾನಿಲ್ಲದಾಗ ನೀನು ಒಳಗೆ ಕಾಲಿಡಬಾರದು. ಎಷ್ಟು ಸುಟ್ಟಿದೆ ನೋಡಿದ್ಯಾ?"

ಕೊಟ್ರಮ್ಮ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಒಂದು ಸ್ಕ್ರೂ ಬಂತು. ಎರಡನೆಯದೂ ಬಂತು.

"ನೀರು ಸುಡೋವರೆಗೂ ಚೆನ್ನಾಗಿತ್ತು ರೀ" ಎಂದಳು ಅವಳು.

ಹಾಲಪ್ಪನ ಕೈ ನಿಂತಿತು. ಅವಳ ಕಡೆ ತಿರುಗಿ ನೋಡಿದ. ಅವಳು ಅಳುತ್ತಿರಲಿಲ್ಲ, ದೂರುತ್ತಲೂ ಇರಲಿಲ್ಲ. ನಡೆದ ಸಂಗತಿಯನ್ನು ಹೇಳಿದ್ದಳು, ಅಷ್ಟೆ. ಮೂರನೆಯ ಸ್ಕ್ರೂ ಬಾಗಿಲಲ್ಲೇ ಉಳಿಯಿತು.

ಅಂದು ಮಧ್ಯಾಹ್ನ ಅವಳು ಮಲಗಿದ ಮೇಲೆ ಹಾಲಪ್ಪ ಬಚ್ಚಲಿಗೆ ಹೋದ. ಅವಳ ಸ್ಟೂಲಿನ ಮೇಲೆ ಕೂತ. ತನ್ನ ಬಲಗೈಯನ್ನು ಬನಿಯನ್ನಿನೊಳಗೆ ತೂರಿಸಿಕೊಂಡ. ಎಡಗೈ ಎತ್ತಿ ನಲ್ಲಿಯನ್ನು ಮುಟ್ಟಲು ನೋಡಿದ. ಗಂಡಸಿನ ಉದ್ದನೆಯ ಕೈಗೂ ಅದು ಸರಿಯಾಗಿ ಸಿಗಲಿಲ್ಲ.

ಅಷ್ಟರಲ್ಲಿ ಎದುರುಮನೆಯ ಬಸಣ್ಣ "ಕಂಪೌಂಡರ್ರೇ" ಎಂದು ಕೂಗುತ್ತ ನಡುಮನೆಗೆ ಬಂದ. ಅಲ್ಲಿ ನಿಂತರೆ ಬಚ್ಚಲಿನ ಒಳಗು ಕಾಣುತ್ತದೆ. ಹಾಲಪ್ಪ ಉಟ್ಟಿದ್ದ, ತೊಟ್ಟಿದ್ದ. ಆದರೂ ಗಾಬರಿಯಾಗಿ ಬಾಗಿಲು ಮುಚ್ಚಲು ಎಡಗೈ ಚಾಚಿದ. ಅದೂ ಎಟುಕಲಿಲ್ಲ. ಬಸಣ್ಣ ಅವನನ್ನು ಕಂಡು, "ಏನ್ರೀ, ಸ್ಟೂಲು ಪರೀಕ್ಷೆ ಮಾಡ್ತಿದೀರಾ?" ಎಂದು ನಕ್ಕ. ಹಾಲಪ್ಪನಿಗೆ ನಗು ಬರಲಿಲ್ಲ. ಎರಡು ವರ್ಷದಲ್ಲಿ ಎಷ್ಟು ಸಲ ಆ ಬಾಗಿಲನ್ನು ತೆರೆದಿಟ್ಟು ಹೋಗಿದ್ದೆ ಎಂದು ಲೆಕ್ಕ ಹಾಕಲು ಹೋಗಿ, ಆಗದೆ ಬಿಟ್ಟ. ತನ್ನ ಕೈಯಿಂದ ಅವಳಿಗೆ ಒಮ್ಮೆಯೂ ನೋವಾಗಿಲ್ಲ ಎಂದು ಅವನು ಅಲ್ಲಿಯವರೆಗೆ ನಂಬಿದ್ದ.

ಬೊಬ್ಬೆ ಒಣಗಿದ ಮೇಲೆ ದಾದಾಪೀರನನ್ನು ಮತ್ತೆ ಕರೆಸಿದ.

"ಈಗಷ್ಟೇ ಮುಚ್ಚಿದ ಗೋಡೆ ಮತ್ತೆ ಒಡೀಬೇಕು ಸಾಹೇಬ್ರೇ. ಇದೇ ಥರದ ಟೈಲ್ಸ್ ಈಗ ಸಿಗಲ್ಲ, ತೇಪೆ ಕಾಣ್ತದೆ" ಎಂದ ದಾದಾಪೀರ.

"ಕಾಣಲಿ."

"ಎತ್ತರ ಎಷ್ಟು?"

ಹಾಲಪ್ಪ ಬಾಯಿ ತೆರೆದವನು ಮುಚ್ಚಿಕೊಂಡ. "ಅಕ್ಕನ್ನ ಕೇಳು" ಎಂದ.

ಕೊಟ್ರಮ್ಮ ಬಂದು ಸ್ಟೂಲಿನ ಮೇಲೆ ಕೂತಳು. ದಾದಾಪೀರ ಪೆನ್ಸಿಲ್ ಹಿಡಿದು ನಿಂತ. ಅವಳು ಎಡಗೈ ಚಾಚಿದ ಕಡೆ ಗುರುತು ಹಾಕಿದ. ಇನ್ನೂ ಸ್ವಲ್ಪ ಮುಂದೆ ಎಂದಳು, ಅಳಿಸಿ ಮತ್ತೆ ಹಾಕಿದ. ಗೋಡೆಗೆ ಒಂದು ಹಿಡಿಕೆ ಬೇಕು, ಏಳುವಾಗ ಹಿಡಿದುಕೊಳ್ಳಲು ಎಂದಳು. ಸ್ಟೂಲು ಜಾರುತ್ತದೆ, ಅದರ ಕಾಲಿಗೆ ರಬ್ಬರ್ ಹಾಕಿಸಬೇಕು ಎಂದಳು. ಗೀಸರ್ ಅಷ್ಟು ಕಾಯುವುದು ಬೇಡ, ಕಡಿಮೆ ಮಾಡಿಡಬೇಕು ಎಂದಳು. ಇದನ್ನೆಲ್ಲ ಅವಳು ಯೋಚಿಸಿ ಇಟ್ಟುಕೊಂಡು ಬಹಳ ದಿನವಾಗಿತ್ತೆಂದು ಹಾಲಪ್ಪನಿಗೆ ಗೊತ್ತಾಯಿತು. ಯಾರೂ ಕೇಳಿರಲಿಲ್ಲ. ಮೂವತ್ತೆರಡು ವರ್ಷದ ಆಸ್ಪತ್ರೆಯ ಅನುಭವದಿಂದ ಅವನಿಗೂ ಹೇಳುವುದು ಬೇಕಾದಷ್ಟಿತ್ತು. ಪ್ರತಿಸಲವೂ ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ. ಬಿಚ್ಚಿದ್ದ ಎರಡು ಸ್ಕ್ರೂಗಳನ್ನು ಹುಡುಕಿ ತಂದು, ಚಿಲಕವನ್ನು ಅವಳ ಕೈಯ ಮಟ್ಟಕ್ಕೆ ಇಳಿಸಿ, ಬಿಗಿಯಾಗಿ ಕೂರಿಸಿದ.

ಸಿಮೆಂಟು ಒಣಗಲು ಎರಡು ದಿನ ಬೇಕಾಯಿತು. ಮೂರನೆಯ ಬೆಳಿಗ್ಗೆ ಕೊಟ್ರಮ್ಮ ಟವಲು ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು. ಚಿಲಕ ಬಿತ್ತು.

ಹಾಲಪ್ಪ ಹೊರಗೆ ಕುರ್ಚಿ ಹಾಕಿಕೊಂಡು ಕೂತ. ನೀರು ಬಿದ್ದಿತು, ನಿಂತಿತು, ಮತ್ತೆ ಬಿದ್ದಿತು. ಅವನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದ ಸ್ನಾನಕ್ಕೆ ಅವಳು ಮುಕ್ಕಾಲು ಗಂಟೆ ತೆಗೆದುಕೊಂಡಳು. ಏನೋ ಬಿದ್ದ ಸದ್ದಾಯಿತು. ಅವನು ಎದ್ದು ನಿಂತ. ಚೊಂಬು ಎಂದು ತಿಳಿದು ಕೂತ. ಎರಡು ಸಲ ಬಾಗಿಲವರೆಗೆ ಹೋಗಿ ಬಂದ. ಕರೆಯಲಿಲ್ಲ. ಅವಳು ಎಷ್ಟೋ ದಿನದಿಂದ ಹಾಡದಿದ್ದ ಒಂದು ಬೀಸುವ ಹಾಡಿನ ಸಾಲನ್ನು ಒಳಗೆ ಗುನುಗಿದಳು. ಅವನು ಮುಖ ಒರೆಸಿಕೊಂಡ.

ಆಮೇಲೆ ದಿನವೂ ಹಾಗೇ ನಡೆಯಿತು. ಸ್ನಾನವಾದ ಮೇಲೆ ತಲೆ ಬಾಚಿಕೊಳ್ಳುವುದನ್ನೂ ಅವಳೇ ಎಡಗೈಯಲ್ಲಿ ಕಲಿತಳು. ಬೈತಲೆ ಸೊಟ್ಟಗೆ ಬರುತ್ತಿತ್ತು.

ಊರಿನವರ ಬಾಯಿ ಮಾತ್ರ ತಿರುಗಿತು. ಕಂಪೌಂಡರ್ ಮೊದಲಿನ ಹಾಗಿಲ್ಲ ಎಂದರು. ಹೆಂಡತಿ ಒಳಗೆ ಒದ್ದಾಡುತ್ತಿದ್ದರೆ ಹೊರಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ ಎಂದರು. ಬೇಸರ ಬಂದಿರಬೇಕು, ಎಷ್ಟು ದಿನ ಅಂತ ಮಾಡುತ್ತಾನೆ ಎಂದರು. ಒಂದು ಮದುವೆ ಮನೆಯಲ್ಲಿ, ಹಿಂದೆ ಅವನನ್ನು ಮಕ್ಕಳಿಗೆ ತೋರಿಸಿದ್ದ ಬೀಗರೇ ಎಲ್ಲರ ಎದುರು, "ಸೊಟ್ಟ ಬೈತಲೆಯಲ್ಲಿ ಹೆಂಡತಿಯನ್ನು ಕರೆದುಕೊಂಡು ಬಂದಿದ್ದೀರಲ್ಲ, ಒಂದು ಬಾಚಣಿಗೆ ಹಿಡಿಯೋಕೂ ಪುರಸೊತ್ತಿಲ್ಲವಾ?" ಎಂದು ಕೇಳಿದರು. ಪಂಕ್ತಿಯಲ್ಲಿ ಕೂತವರೆಲ್ಲ ಅವನ ಮುಖ ನೋಡಿದರು.

ಹಾಲಪ್ಪ ತಲೆ ತಗ್ಗಿಸಿ ಊಟ ಮಾಡಿದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಇದು ಅನ್ಯಾಯವಲ್ಲವೇ, ಗುರುಗಳೇ? ಅವಳೇ ಬಯಸಿ ತಾನಾಗಿ ಸ್ನಾನ ಮಾಡುತ್ತಿದ್ದಾಳೆ, ಅದಕ್ಕಾಗಿ ಎರಡು ಸಲ ಗೋಡೆ ಒಡೆಸಿದ್ದೇನೆ ಎಂದು ಅವನು ಅಷ್ಟು ಜನರ ಮುಂದೆ ಒಂದು ಮಾತು ಹೇಳಿಬಿಡಬಹುದಿತ್ತಲ್ಲ?"

ಗುರುಗಳು ಹೇಳಿದರು: "ಹೇಳಿಕೊಳ್ಳುವುದಕ್ಕೆ ಆ ಸ್ನಾನ ಅವನದಾಗಿರಲಿಲ್ಲ, ಅವಳದಾಗಿತ್ತು."