ಬಾಯಿ ಬಿಡದ ರೋಗಿ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ನಿಜವಾದ ಗುರುವಿಗೆ ಶಿಷ್ಯನ ಮನಸ್ಸು ಹೇಳದೆಯೇ ತಿಳಿಯಬೇಕಲ್ಲವೇ?”

ಗುರುಗಳು ಹೇಳಿದರು:

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅಚ್ಚು ಒಡೆದು ಒಳಗನ್ನು ನೋಡದೆ ಯಾರ ಬೆಲ್ಲವನ್ನೂ ಕೊಂಡವನಲ್ಲ. ಅವನ ಪಿತ್ತಕೋಶದಲ್ಲಿ ಕಲ್ಲಾಯಿತು. ಉಂಡರೆ ಸಾಕು, ಪಕ್ಕೆ ಹಿಡಿದುಕೊಂಡು ಹೊರಳಾಡುತ್ತಿದ್ದ. ಶಸ್ತ್ರವೈದ್ಯರು ನೋಡಿ, ಹೊಟ್ಟೆಗೆ ಸಣ್ಣ ಸಣ್ಣ ರಂಧ್ರ ಮಾಡಿ ಪಿತ್ತಕೋಶವನ್ನೇ ತೆಗೆಯಬಹುದು ಎಂದರು. ಒಳಗೆ ಸರಿಯಾಗಿ ಕಾಣದಿದ್ದರೆ, ರಕ್ತ ಹೆಚ್ಚು ಹೋದರೆ, ಹೊಟ್ಟೆ ಕೊಯ್ಯಬೇಕಾದೀತು ಎಂದೂ ಹೇಳಿದರು.

ಆ ‘ಆದೀತು’ ವ್ಯಾಪಾರಿಗೆ ಹಿಡಿಸಲಿಲ್ಲ. ಕೈ ಪಳಗಿದವನು ಹೀಗೆ ಮಾತು ತೇಲಿಸುತ್ತಾನೆಯೇ? ಅವನ ಊರಿನಲ್ಲಿ ನಾಡಿ ನೋಡುವ ಪಂಡಿತರಿದ್ದರು. ರೋಗಿ ಬಾಯಿ ಬಿಡದೆ ಕೈ ಚಾಚಬೇಕು, ರೋಗವನ್ನು ಪಂಡಿತರೇ ಹೇಳಬೇಕು. ಹೇಳಲಾಗದವನು ಪಂಡಿತನೇ ಅಲ್ಲ. ಈ ವೈದ್ಯರನ್ನೂ ಹಾಗೆಯೇ ಪರೀಕ್ಷಿಸಬೇಕೆಂದು ಪುಣ್ಯಾತ್ಮ ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡ.

ಹಿಂದೆ ಹೊಟ್ಟೆಗೆ ಆಪರೇಷನ್ ಆಗಿದೆಯೇ, ಉಸಿರಾಟದ ತೊಂದರೆ ಇದೆಯೇ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ವೈದ್ಯರು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಇಲ್ಲ ಎಂದ.

ಹೃದಯಕ್ಕೆಂದು ಬೇರೆ ಊರಿನ ಡಾಕ್ಟರು ಕೊಟ್ಟಿದ್ದ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆಯನ್ನು ಅವನು ದಿನಾ ನುಂಗುತ್ತಿದ್ದ. ಹೊರಗೆ ಬಂದೊಡನೆ ಹೆಂಡತಿ ಕೇಳಿದಳು: “ಮಾತ್ರೆ ವಿಷ್ಯ ಯಾಕ್ರೀ ಮುಚ್ಚಿಟ್ರಿ? ನಂಗೆ ಎದೆ ಡವಡವ ಅಂತೈತೆ.”

“ಸುಮ್ಕಿರು. ಎಲ್ಲಾನೂ ನಮ್ಮನ್ನೇ ಕೇಳೋರಿಗೆ ಏನ್ ಗೊತ್ತಿರ್ತೈತೆ? ಗೊತ್ತಿದ್ರೆ ಅವ್ರೇ ಕಂಡ್ಕೊಳ್ಳಲಿ.”

ಆ ಮಾತ್ರೆ ಮಾಮೂಲಿ ರಕ್ತಪರೀಕ್ಷೆಯಲ್ಲಿ ಕಾಣುವಂಥದ್ದಲ್ಲ; ಸುಳಿವು ಸಿಗಲಿಲ್ಲ. ವ್ಯಾಪಾರಿ ಒಳಗೊಳಗೇ ಬೀಗಿದ. ಆಪರೇಷನ್ನಿನ ದಿನ ಹೆದರಿಕೆಯೂ ಆಯಿತು. ಆದರೆ ಈಗ ಹೇಳಿದರೆ ತಾನು ಸೋತಂತೆ ಎಂದುಕೊಂಡು ಬಾಯಿ ಮುಚ್ಚಿಕೊಂಡೇ ಒಳಗೆ ಹೋದ.

ರಕ್ತ ಹರಿಯತೊಡಗಿದ್ದು ನಿಲ್ಲಲಿಲ್ಲ. ವೈದ್ಯರು ಹೊಟ್ಟೆ ಕೊಯ್ದರು. ಯಾರದೋ ರಕ್ತ ಏರಿಸಿ ಹೇಗೋ ಉಳಿಸಿಕೊಂಡರು. ಹೆಂಡತಿ ಅಳುತ್ತಾ ಮಾತ್ರೆಯ ವಿಷಯವನ್ನೆಲ್ಲ ವೈದ್ಯರಿಗೆ ಹೇಳಿಬಿಟ್ಟಳು.

ಎಚ್ಚರವಾದಾಗ ವ್ಯಾಪಾರಿ ಹೊಟ್ಟೆಯ ಮೇಲಿನ ಉದ್ದನೆಯ ಪಟ್ಟಿಯನ್ನು ತಡವಿ ನೋಡಿದ. “ನನ್ನ ಅನುಮಾನ ಸುಳ್ಳಾಗ್ಲಿಲ್ಲ. ನಾನು ದಿನಾ ನುಂಗೋ ಮಾತ್ರೆ ಕೂಡ ನಿಮಗೆ ಗೊತ್ತಾಗ್ಲಿಲ್ಲವಲ್ಲ ಸ್ವಾಮಿ” ಎಂದ.

“ಗೊತ್ತಾಯಿತು, ನಿಮ್ಮ ರಕ್ತ ನಿಲ್ಲದೇ ಹೋದಾಗ” ಎಂದರು ವೈದ್ಯರು.

ಕತೆ ಕೇಳಿ ಶಿಷ್ಯ ನಕ್ಕುಬಿಟ್ಟ. “ಎಂಥ ಪೆದ್ದ!”

ಗುರುಗಳು ನಗಲಿಲ್ಲ. “ನೀನು ನನ್ನಿಂದ ಮುಚ್ಚಿಟ್ಟಿರುವುದು ಏನು?” ಎಂದರು.